ಒಂದು ಹುಬ್ಬು ಮೇಲೆ, ಒಂದು ಹುಬ್ಬು ಕೆಳಗೆ

ನನಗೆ ಪಾಠ ಹೇಳಿದವರಲ್ಲಿ ಎಲ್ಲರಿಗಿಂತ ಹೆಚ್ಚು ಹೊಡೆದವರು ಟೀಚರ್. ಅವರು ತೀರಿಹೋದ ಸುದ್ದಿ ಕಳೆದ ವಾರ ಬಂತು. ಹೋದವರ ಬಗ್ಗೆ ಹೂವಿನಂತೆ ಬರೆಯುವವರಿದ್ದಾರೆ. ನಾನು ಹಾಗೆ ಬರೆದರೆ ಅವರೇ ಎದ್ದು ಬಂದು ‘ಕೈ ನೀಡು’ ಎಂದಾರು. ನನ್ನ ಬಲಗೈಯ ಕಿರುಬೆರಳು ಇವತ್ತಿಗೂ ನೆಟ್ಟಗಾಗುವುದಿಲ್ಲ. ಅದು ಅವರ ಕೆಲಸ. ಆ ಬೆರಳಿನ ಜೊತೆ ನಾನೂ ಬದುಕಿ ಉಳಿದಿದ್ದೇನಲ್ಲ, ಅದೂ ಅವರದೇ ಕೆಲಸ. ಎರಡನ್ನೂ ಹೇಳದೆ ಬಿಟ್ಟರೆ ನಾನು ಸುಳ್ಳಿಯಾಗುತ್ತೇನೆ.

ಈಗ ನಾನು ಗುಂಡ್ಲುಪೇಟೆಯ ಸೊಸೆ, ಬಟ್ಟೆ ಹೊಲಿಯುವವಳು. ಹುಟ್ಟಿದ್ದು ಊಟಿಯಿಂದ ತುಮ್ಮನಟ್ಟಿಗೆ ಹೋಗುವ ದಾರಿಯ ಒಂದು ಬಡಗರ ಹಟ್ಟಿಯಲ್ಲಿ. ಇಳಿಜಾರಿನಲ್ಲಿ ಗೋಡೆಗೆ ಗೋಡೆ ಅಂಟಿಸಿಕೊಂಡ ಮನೆಗಳು, ಕೆಳಗೆ ಚಹಾ, ಅದರ ಕೆಳಗೆ ಕ್ಯಾರೆಟ್ಟು, ಆಲೂಗಡ್ಡೆ. ಶಾಲೆ ಹಟ್ಟಿಯ ಮೇಲ್ತುದಿಯಲ್ಲಿತ್ತು. ಟೀಚರ್ ಗೂಡಲೂರು ಕಡೆಯವರು. ಮನೆಮಾತು ಮಲಯಾಳ, ಪಾಠ ತಮಿಳು, ಬೈಗುಳ ಮಾತ್ರ ನಮ್ಮ ಬಡಗ ಮಾತಿನಲ್ಲಿ. ಮದುವೆಯಾಗಿರಲಿಲ್ಲ. ಶಾಲೆಯ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದರು. ಪ್ರತಿ ರಜೆ ಮುಗಿಸಿ ಬರುವಾಗ ಊರಿನಿಂದ ಕಾಫಿ ಗಿಡದ ಕೋಲೊಂದನ್ನು ಚೆನ್ನಾಗಿ ಹೆರೆದು ತರುತ್ತಿದ್ದರು. ಹೊಡೆಯುವ ಮುಂಚೆ ‘ಮೋಳೆ’ ಎನ್ನುತ್ತಿದ್ದರು. ಅವರ ಮಾತಿನಲ್ಲಿ ಅದಕ್ಕೆ ‘ಮಗಳೇ’ ಎಂದರ್ಥ. ಆ ಪದ ಕಿವಿಗೆ ಬಿದ್ದರೆ ನಮ್ಮ ಅಂಗೈ ಬೆವರುತ್ತಿತ್ತು.

ಅವರು ಕಲಿಸುತ್ತಿದ್ದದ್ದು ಸಮಾಜ. ಎಂಟನೆಯ ತರಗತಿಯ ಪುಸ್ತಕದಲ್ಲಿ ಗ್ರೀಸು, ರೋಮುಗಳಿಗೆ ಸಿಕ್ಕಿದ್ದು ಒಂದೂವರೆ ಪುಟ. ಟೀಚರಿಗೆ ಅದು ಸಾಲುತ್ತಿರಲಿಲ್ಲ. ಯಾವುದೋ ಎಸ್ಟೇಟ್ ಬಂಗಲೆಯವರು ಗುಜರಿಗೆ ಹಾಕಿದ ದಪ್ಪದ ಚಿತ್ರಪುಸ್ತಕವೊಂದು ಅವರ ಬಳಿ ಇತ್ತು. ಅಂಚನ್ನು ಗೆದ್ದಲು ತಿಂದಿತ್ತು. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಅದನ್ನು ಎದೆಗವಚಿಕೊಂಡು ಬಂದು ಮೇಜಿನ ಮೇಲೆ ಬಿಚ್ಚುತ್ತಿದ್ದರು. ಕಲ್ಲಿನಲ್ಲಿ ಕಡೆದ ಮುಖಗಳು, ಮಣ್ಣಿನಲ್ಲಿ ಸುಟ್ಟ ಮುಖಗಳು, ನೆಲಕ್ಕೆ ಬಣ್ಣದ ಹರಳು ಕೂರಿಸಿ ಮಾಡಿದ ಮುಖಗಳು. ಎಲ್ಲವೂ ನಗೆನಾಟಕದ ಮುಖವಾಡಗಳು. ಬಾಯಿ ಮೋರಿಯಷ್ಟು ಅಗಲ. ಕಣ್ಣಿನ ಜಾಗದಲ್ಲಿ ತೂತು.

ನಿಜವಾದ ಮುಖವಾಡ ಒಂದೂ ಉಳಿದಿಲ್ಲ ಎಂದು ಅವರು ಹೇಳಿದ್ದು ನೆನಪಿದೆ. ಬಟ್ಟೆಯದೋ ಮರದ್ದೋ ಆದ್ದರಿಂದ ಕೊಳೆತುಹೋದವಂತೆ. ಉಳಿದದ್ದು ಕಲ್ಲಿನಲ್ಲಿ, ಮಣ್ಣಿನಲ್ಲಿ ಮಾಡಿಟ್ಟ ಪ್ರತಿಗಳು. ಬಾಯಿ ಅಷ್ಟು ಅಗಲ ಯಾಕೆಂದರೆ ಬಯಲಿನಲ್ಲಿ ಕೂತ ಕಟ್ಟಕಡೆಯವನಿಗೂ ದನಿ ಮುಟ್ಟಬೇಕು. ಮುದಿ ಯಜಮಾನನ ಮುಖವಾಡದಲ್ಲಿ ಒಂದು ಹುಬ್ಬು ಮೇಲೆ, ಇನ್ನೊಂದು ಕೆಳಗೆ. ಸಿಟ್ಟು ಬಂದಾಗ ನಟ ಏರಿದ ಹುಬ್ಬನ್ನು ಜನರ ಕಡೆ ತಿರುಗಿಸುತ್ತಾನೆ, ಸಮಾಧಾನವಾದಾಗ ಇಳಿದ ಹುಬ್ಬನ್ನು. ಇದನ್ನು ಹೇಳುವಾಗ ಟೀಚರ್ ತಾವೇ ಕತ್ತು ಆಚೀಚೆ ತಿರುಗಿಸಿ ತೋರಿಸುತ್ತಿದ್ದರು. ನಾವು ನಗುತ್ತಿದ್ದೆವು. ಅವರು ನಕ್ಕದ್ದನ್ನು ನಾನು ಕಾಣೆ.

ನಮಗೆ ಹಿಡಿಸಿದ್ದು ಆಳಿನ ಕಥೆ. ಆ ನಾಟಕಗಳಲ್ಲಿ ಒಬ್ಬ ಜೀತದಾಳು ಇದ್ದೇ ಇರುತ್ತಾನೆ, ಅವನಿಗೆ ಏಟೂ ಇದ್ದೇ ಇರುತ್ತದೆ, ಏಟು ಬಿದ್ದಾಗಲೆಲ್ಲ ಜನ ನಗುತ್ತಾರೆ. ಏಟು ತಪ್ಪಿಸಿಕೊಳ್ಳಲು ಅವನು ಓಡಿಹೋಗಿ ದೇವರ ಬಲಿಪೀಠದ ಮೇಲೆ ಕೂರುತ್ತಾನೆ. ಅಲ್ಲಿ ಕೂತವನನ್ನು ಯಾರೂ ಮುಟ್ಟುವಂತಿಲ್ಲ. ಯಜಮಾನ ಸುತ್ತ ಸುತ್ತುತ್ತಾನೆ, ಬೈಯುತ್ತಾನೆ, ಕೊನೆಗೆ ಸೌದೆ ತಂದು ಪೀಠದ ಸುತ್ತ ಬೆಂಕಿ ಹಾಕುತ್ತೇನೆ ಎನ್ನುತ್ತಾನೆ. ಪುಸ್ತಕದಲ್ಲಿ ಅಂಥದೊಂದು ಗೊಂಬೆಯ ಚಿತ್ರವಿತ್ತು. ಆಳು ಪೀಠದ ಮೇಲೆ ಕಾಲಮೇಲೆ ಕಾಲು ಹಾಕಿ, ಮೋರಿಬಾಯಿ ತೆರೆದು ಕೂತಿದ್ದ.

ನಮ್ಮಲ್ಲಿ ಒಬ್ಬಳು ಕೇಳಿಯೇಬಿಟ್ಟಳು, ನಮ್ಮ ಶಾಲೆಯಲ್ಲಿ ಅಂಥ ಜಾಗ ಯಾವುದು ಎಂದು. ಟೀಚರ್ ಕಿಟಕಿಯಾಚೆ ನೋಡಿ, ಧ್ವಜದ ಕಟ್ಟೆ ಎಂದರು. ಹೇಳಿದ ಮೇಲೆ ಆ ಮಾತಿಗೆ ಕಟ್ಟುಬಿದ್ದರು. ಅವತ್ತಿನಿಂದ ‘ಮೋಳೆ’ ಎಂದ ತಕ್ಷಣ ನಾವು ಎದ್ದುಬಿದ್ದು ಓಡಿ ಧ್ವಜದ ಕಟ್ಟೆ ಹತ್ತುವುದು, ಅವರು ಕೋಲು ಹಿಡಿದು ಕೆಳಗೆ ನಿಂತು ಕಾಯುವುದು ನಡೆಯಿತು. ಗಂಟೆ ಹೊಡೆಯುವ ತನಕ ಕಾಯುತ್ತಿದ್ದರು. ಕಟ್ಟೆಯ ಮೇಲಿದ್ದವಳ ಮೇಲೆ ಒಮ್ಮೆಯೂ ಕೈ ಎತ್ತಲಿಲ್ಲ. ಓಡಲಾಗದೆ ಸಿಕ್ಕಿಬಿದ್ದವಳಿಗೆ ಮಾತ್ರ ಕಟ್ಟೆ ಹತ್ತಿದವಳ ಪಾಲೂ ಸೇರಿಸಿ ಬೀಳುತ್ತಿತ್ತು.

ಆ ವರ್ಷ ಮುಖವಾಡ ಮಾಡಿಸಿದರು. ಚಹಾ ಫ್ಯಾಕ್ಟರಿಯ ಹರಿದ ಕಾಗದದ ಚೀಲ, ಮೈದಾ ಅಂಟು, ಅಚ್ಚಿಗೆ ಮಣ್ಣು. ಒಬ್ಬೊಬ್ಬರು ಒಂದೊಂದು ಪಾತ್ರದ ಮುಖ ಮಾಡಬೇಕು, ಯಾರು ಯಾವ ಪಾತ್ರವೆಂಬುದು ಆಮೇಲೆ. ನನಗೆ ಯಜಮಾನನ ಮುಖ ಬಂತು. ನಾಲ್ಕು ದಿನ ಕೂತು ಮಾಡಿದೆ. ಮೂಗಿನ ಪಕ್ಕದ ನರಹುಲಿಯನ್ನೂ ಬಿಡಲಿಲ್ಲ. ಟೀಚರ್ ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಎರಡೂ ಹುಬ್ಬುಗಳು ಏರಿದ್ದವು. ತಪ್ಪು ಎಂದರು. ಮೋಳೆ ಎಂದರು. ನಾನು ಓಡಲಿಲ್ಲ. ಎರಡು ಏಟು ಬಿತ್ತು. ಮೂರನೆಯದಕ್ಕೆ ಕೋಲು ಎತ್ತಿದಾಗ ನಾನು ಹೇಳಿದೆ.

“ಎನ್ನ ಅಪ್ಪಗ ಆ ಬದಿ ಇಲ್ಲೆ, ಟೀಚರ್.”

ಕೋಲು ಮೇಲೆಯೇ ನಿಂತಿತು. ಅವರು ನನ್ನ ತೋಳು ಹಿಡಿದು ರವಿಕೆಯ ಕೈ ಮೇಲಕ್ಕೆ ಸರಿಸಿದರು. ಅಲ್ಲಿ ಅಪ್ಪ ಒಲೆಯ ಕೊಳ್ಳಿಯಿಂದ ಇಟ್ಟ ಗುರುತುಗಳಿದ್ದವು, ಹಳೆಯವು, ಹೊಸವು. ಅಪ್ಪ ಕೆಲಸದಲ್ಲಿ ನಿಷ್ಣಾತ. ಚಹಾ ಗಿಡ ಸವರುವುದರಲ್ಲಿ ಅವನಂಥ ಕೈ ಸುತ್ತಲಿನ ಹಟ್ಟಿಗಳಲ್ಲಿ ಇರಲಿಲ್ಲ. ಸಂಜೆ ಬ್ರಾಂದಿ ಅಂಗಡಿಗೆ ಹೋಗಿ ಬಂದ ಮೇಲೆ ಅದೇ ಕೈ ಅವ್ವೆಯ ಮೇಲೆ, ನನ್ನ ಮೇಲೆ ಬೀಳುತ್ತಿತ್ತು. ಅವ್ವೆಯ ಎರಡು ಹಲ್ಲು ನಾನು ಹುಟ್ಟುವ ಮೊದಲೇ ಹೋಗಿದ್ದವಂತೆ. ಹಟ್ಟಿಗೆಲ್ಲ ಗೊತ್ತಿತ್ತು. ಗೋಡೆಗೆ ಗೋಡೆ ಅಂಟಿರುವ ಮನೆಗಳಲ್ಲಿ ಕೇಳಿಸದೆ ಇರುತ್ತದೆಯೇ? ಟೀಚರ್ ಕ್ಷಮಿಸು ಎನ್ನಲಿಲ್ಲ. ಮುಖವಾಡವನ್ನು ಮೇಜಿನ ಮೇಲಿಟ್ಟು, ಇದೇ ಇರಲಿ, ನಾಟಕದಲ್ಲಿ ಯಜಮಾನನಿಗೆ ಇದೇ ಮುಖ ಎಂದರು.

ಇಲ್ಲಿ ಅವರು ತಪ್ಪು ಮಾಡಿದರು ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಈಗಲೂ ಅರ್ಧ ಹಾಗೆಯೇ ಅನ್ನಿಸುತ್ತದೆ. ಹಟ್ಟಿಯ ಎದುರಿಗೆ ಆ ಮುಖವನ್ನು ಇಡಬೇಕೆಂದು ಅವರಿಗೆ ಹಟ ಬಂದಿತ್ತು. ಇಟ್ಟರೆ ಅದರ ಏಟು ಯಾರ ಬೆನ್ನಿಗೆ ಬೀಳುತ್ತದೆ ಎಂದು ಯೋಚಿಸಿದರೋ ಇಲ್ಲವೋ, ನನಗೆ ಗೊತ್ತಿಲ್ಲ.

ನಾಟಕ ನಡೆದದ್ದು ಹಟ್ಟಿಯ ನಡುವಿನ ಬಯಲಿನಲ್ಲಿ. ಅಲ್ಲೊಂದು ಕಲ್ಲುಕಟ್ಟೆಯಿದೆ. ಹಿರಿಯರು ಕೂತು ವ್ಯಾಜ್ಯ ಕೇಳುವ ಜಾಗ. ಚಪ್ಪಲಿ ಹಾಕಿ ಹತ್ತುವಂತಿಲ್ಲ, ಅದರ ಮೇಲೆ ದನಿ ಏರಿಸುವಂತಿಲ್ಲ, ಕೈ ಎತ್ತುವುದಂತೂ ಇಲ್ಲವೇ ಇಲ್ಲ. ಹೆಂಗಸರು ಕೆಳಗೆ ನಿಂತು ಹೇಳಿಕೊಳ್ಳಬೇಕು. ಬಲಿಪೀಠಕ್ಕೆ ಆ ಕಟ್ಟೆಯನ್ನೇ ಕೊಡಿ ಎಂದು ಟೀಚರ್ ಹಟ್ಟಿಯ ಗೌಡರನ್ನು ಕೇಳಿದ್ದರು. ಗೌಡರೆಂದರೆ ಹಿರಿಯರಲ್ಲಿ ಮೊದಲನೆಯವರು. ಹೆಣ್ಣುಮಕ್ಕಳು ಹತ್ತುವ ಕಲ್ಲಲ್ಲ ಎಂದು ಅವರು ಮೆತ್ತಗೆ ಹೇಳಿ ಕಳಿಸಿದರು. ಟೀಚರ್ ಹಳೆಯ ಚಹಾ ಪೆಟ್ಟಿಗೆಯೊಂದನ್ನು ತರಿಸಿ ಬಯಲಿನಲ್ಲಿ ಕವುಚಿ ಹಾಕಿಸಿದರು.

ಮಧ್ಯಾಹ್ನ ಎಲೆ ಕೀಳುವ ಕೆಲಸ ಬಿಟ್ಟು ಎಲ್ಲರೂ ಬಂದಿದ್ದರು. ನಾನು ಆಳು. ಅಪ್ಪನ ಮುಖ ಹಾಕಿಕೊಂಡು ಸಹಪಾಠಿಯೊಬ್ಬಳು ಯಜಮಾನ. ಅವಳು ಬಯಲಿಗೆ ಕಾಲಿಟ್ಟದ್ದೇ ತಡ, ಹೆಂಗಸರ ಕಡೆಯಿಂದ ಯಾರೋ ಕಿಸಕ್ಕೆಂದರು. ನರಹುಲಿ ನೋಡಿ ಗುರುತು ಹಿಡಿದಿದ್ದರು. ನಗು ಹರಡಿತು. ಅಪ್ಪ ಅವತ್ತು ಮಧ್ಯಾಹ್ನಕ್ಕೇ ಕುಡಿದಿದ್ದ. ಜನರ ಹಿಂದೆ ನಿಂತು ಮೊದಲು ತಾನೂ ನಗುತ್ತಿದ್ದನಂತೆ. ಆಮೇಲೆ ಎಲ್ಲರ ಕಣ್ಣೂ ತನ್ನತ್ತ ತಿರುಗುವುದನ್ನು ಕಂಡ.

ಜನರನ್ನು ನೂಕಿಕೊಂಡು ಅವನು ಬಂದ. ನಾನು ಪೆಟ್ಟಿಗೆಯ ಮೇಲೆ ಕೂತಿದ್ದೆ. ಅವನ ನಡಿಗೆ ನೋಡಿದ ಕೂಡಲೇ, ಈ ಮರದ ಪೆಟ್ಟಿಗೆ ಸಾಲದು ಎಂದು ನನಗೆ ತಿಳಿಯಿತು. ಹಾರಿ ಓಡಿ ನಿಜವಾದ ಕಟ್ಟೆಯನ್ನೇ ಹತ್ತಿ ಕೂತೆ. ಟೀಚರ್ ಕಲಿಸಿದ್ದನ್ನು ಅಷ್ಟು ಗಟ್ಟಿಯಾಗಿ ನಂಬಿದ್ದೆ. ಅವನು ಚಪ್ಪಲಿ ಕಾಲಿನಲ್ಲೇ ಹತ್ತಿದ. ಮೊದಲ ಒದೆ ಪಕ್ಕೆಗೆ ಬಿತ್ತು. ಕೂದಲು ಹಿಡಿದು ತಲೆಯನ್ನು ಕಲ್ಲಿಗೆ ಒಂದು ಸಲ, ಎರಡು ಸಲ ಅಪ್ಪಳಿಸಿದ. ಕಾಗದದ ಮುಖವಾಡ ನಡುವೆ ಇರದಿದ್ದರೆ ನನ್ನ ಹಣೆ ಒಡೆದುಹೋಗುತ್ತಿತ್ತು. ನಾನು ಕಿರುಚಿದೆ. ಆ ದೊಡ್ಡ ಬಾಯಿಯಿಂದ ನನ್ನ ಕಿರುಚು ನನ್ನದಲ್ಲದ ದನಿಯಲ್ಲಿ ಹೊರಟು ಕಟ್ಟಕಡೆಯವನಿಗೂ ಮುಟ್ಟಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನೂ ನಾಟಕದಲ್ಲಿದ್ದಾನೆ ಎಂದುಕೊಂಡಿದ್ದರು. ಆ ನಗು ನನಗೆ ಈಗಲೂ ಕೇಳಿಸುತ್ತದೆ. ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ನಗದಿದ್ದವರು ಇಬ್ಬರೇ. ಅವ್ವೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಟೀಚರ್ ಕೋಲು ಹಿಡಿದು ಓಡಿಬಂದರು. ಅಪ್ಪನ ಕತ್ತಿನ ಹಿಂಭಾಗಕ್ಕೆ ಒಂದು, ಕಿವಿಯ ಮೇಲೆ ಒಂದು, ಮುಖ ತಿರುಗಿಸಿದಾಗ ಮುಖಕ್ಕೇ ಒಂದು. ನಮಗೆ ಹೊಡೆಯುವಾಗ ಎಷ್ಟು ತಡೆದು ಹೊಡೆಯುತ್ತಿದ್ದರು ಎಂದು ನನಗೆ ಅವತ್ತು ಗೊತ್ತಾಯಿತು. ಕೋಲು ಮುರಿಯಿತು. ಜನ ಇನ್ನೂ ನಗುತ್ತಲೇ ಇದ್ದರು. ಅಪ್ಪ ಸೊಂಟದಿಂದ ಗಿಡ ಸವರುವ ಕತ್ತಿ ಎಳೆದು ಬೀಸಿದ. ಟೀಚರ ಎಡ ಹುಬ್ಬು ಮೂಳೆಯ ತನಕ ಸೀಳಿತು. ಅವರು ಬೀಳಲಿಲ್ಲ. ಕೈಯಲ್ಲಿ ಉಳಿದಿದ್ದ ಕೋಲಿನ ಚೂಪು ತುಂಡನ್ನು ಅವನ ಗಂಟಲ ಗುಳಿಗೆ ಒತ್ತಿ ಹಿಡಿದರು. ಅವನು ಹಿಂದೆ ಸರಿಯುತ್ತ ಕಟ್ಟೆಯಿಂದ ಬಿದ್ದ. ರಕ್ತ ನನ್ನ ಮುಖವಾಡದ ಮೇಲೆ ತೊಟ್ಟಿಕ್ಕತೊಡಗಿದಾಗ ನಗು ನಿಂತಿತು. ಆಮೇಲೆ ಗಂಡಸರಿಗೆ ಕೈಕಾಲು ಬಂದವು, ಅವನನ್ನು ಅದುಮಿ ಹಿಡಿದರು.

ಊಟಿಯ ಆಸ್ಪತ್ರೆಯಲ್ಲಿ ಅವರಿಗೆ ಹೊಲಿಗೆ ಹಾಕಿದರು. ಪೊಲೀಸರ ತನಕ ಬೇಡ, ಹಟ್ಟಿಯಲ್ಲೇ ತೀರಿಸುತ್ತೇವೆ ಎಂದು ಹಿರಿಯರು ಅಲ್ಲಿಗೇ ಹೋಗಿ ಕೇಳಿಕೊಂಡರು. ಮೂರನೆಯ ದಿನ ಬೆಳಿಗ್ಗೆ ಕೂಟ ಎಂದು ಗೊತ್ತಾಯಿತು. ಹಿಂದಿನ ದಿನವೇ ತೀರ್ಮಾನ ಏನೆಂದು ಎಲ್ಲರ ಬಾಯಲ್ಲಿತ್ತು. ಕಲ್ಲಿನ ಮೇಲೆ ಕೈ ಎತ್ತಿದ ತಪ್ಪಿಗೆ ಅಪ್ಪ ಅಡ್ಡಬೀಳಬೇಕು, ಟೀಚರೂ ಅಡ್ಡಬೀಳಬೇಕು, ಕಲ್ಲು ಹತ್ತಿದ ತಪ್ಪಿಗೆ ನಾನೂ. ಆಮೇಲೆ ಎಲ್ಲರೂ ಅವರವರ ಮನೆಗೆ. ನನ್ನ ಮನೆಯೆಂದರೆ ಅಪ್ಪನಿದ್ದ ಮನೆ. ಆ ಬೆಳಿಗ್ಗೆ ಅವನು ಹೊಸಲಿನಲ್ಲಿ ಕೂತು ಕತ್ತಿ ಮಸೆಯುತ್ತಿದ್ದ. ನನ್ನ ಕಡೆ ನೋಡಿ, ಹೆಬ್ಬೆರಳಿನಿಂದ ಅಲಗಿನ ಹರಿತ ಮುಟ್ಟಿ ನೋಡಿದ.

ಹಿರಿಯರು ಬಯಲಿಗೆ ಬಂದಾಗ ಹುಲ್ಲಿನ ಮೇಲೆ ಹಿಮ ಇನ್ನೂ ಕರಗಿರಲಿಲ್ಲ. ಕಟ್ಟೆಯ ಮೇಲೆ ಅವರಿಗಿಂತ ಮೊದಲೇ ಟೀಚರ್ ಕೂತಿದ್ದರು. ಚಪ್ಪಲಿ ಕೆಳಗೆ ಬಿಟ್ಟಿದ್ದರು. ತಲೆಗೆ ಬಿಳಿ ಪಟ್ಟಿ, ಎಡಗಣ್ಣು ಊದಿ ಮುಚ್ಚಿತ್ತು. ಹೆಣ್ಣು ಕೂರುವ ಕಲ್ಲಲ್ಲ, ಇಳಿಯಿರಿ ಎಂದು ಗೌಡರು ಕೇಳಿದರು, ಬೇಡಿದರು. ಅವರು ಒಂದೇ ಮಾತು ಹೇಳಿದರು.

“ಹುಡುಗಿ ನನ್ನ ಜೊತೆ ಇರ್ತಾಳೆ ಅನ್ನಿ, ಇಳೀತೇನೆ. ಅಲ್ಲಿ ತನಕ ಇಲ್ಲೇ.”

ಎಳೆದು ಇಳಿಸಲು ಯಾರಿಗೂ ಆಗಲಿಲ್ಲ. ಕಲ್ಲಿನ ಮೇಲೆ ಕೈ ಎತ್ತುವಂತಿಲ್ಲ ಎಂದು ಅಡ್ಡಬೀಳಿಸಲು ಬಂದವರೇ ಅವರಲ್ಲವೇ. ಬಿಸಿಲು ಏರಿತು. ಅಪ್ಪ ಎದ್ದು ಹೋದ. ಹೋದವನು ಮನೆಯ ಪಕ್ಕ ಒಣಹಾಕಿದ್ದ ಚಹಾ ಕೊಂಬೆಗಳ ಹೊರೆ ಹೊತ್ತು ತಂದು ಕಟ್ಟೆಗೆ ಒರಗಿಸಿದ. ಇನ್ನೊಂದು ಹೊರೆ ತಂದ. ಹಿರಿಯರು ತಡೆಯಲು ಹೋದರೆ ಕತ್ತಿ ತೋರಿಸಿದ. ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ. ಹಿಮಕ್ಕೆ ಒದ್ದೆಯಾದ ಕೊಂಬೆಗಳಿಂದ ಮೊದಲು ಎದ್ದದ್ದು ಹೊಗೆ. ಟೀಚರ್ ಕೆಮ್ಮುತ್ತ ನನ್ನ ಕಡೆ ತಿರುಗಿ, ಪಾಠ ಒಪ್ಪಿಸಿಕೊಳ್ಳುವವರ ಹಾಗೆ, “ಇದೂ ಹೇಳಿದ್ದೆನಲ್ಲಾ ಮೋಳೆ” ಎಂದರು. ಹೊಡೆಯಲಲ್ಲದೆ ಅವರು ಆ ಪದ ಆಡಿದ್ದು ಅದೇ ಮೊದಲು.

ಬೆಂಕಿ ಹತ್ತಿತು. ಅವರ ಸೀರೆಯ ಅಂಚು ಕಂದಿತು. ಆಗ ಅವ್ವೆ ಹೆಂಗಸರ ಗುಂಪಿನಿಂದ ಹೊರಟಳು. ಜೀವಮಾನವಿಡೀ ಜೋರಾಗಿ ಕೆಮ್ಮದ ಹೆಂಗಸು ಅವಳು. ಉರಿಯುವ ಕೊಂಬೆಗಳನ್ನು ಬರಿಗಾಲಲ್ಲಿ ತುಳಿದು ದಾರಿ ಮಾಡಿಕೊಂಡು ಕಟ್ಟೆ ಹತ್ತಿ ಟೀಚರ ಪಕ್ಕ ಕೂತಳು. ನಮ್ಮ ಹೆಂಗಸರು ಉಡುವ ಬಿಳಿ ಮುಂಡಿನ ತುದಿ ಹೊಗೆಯಾಡುತ್ತಿತ್ತು. ಅಪ್ಪನ ಕಣ್ಣು ನೋಡಿ ಹೇಳಿದಳು.

“ಸುಡುವದಾದರೆ ಎನ್ನನೂ ಸೇರಿಸಿ ಸುಡು.”

ಗೌಡರು ತಮ್ಮ ಕಂಬಳಿ ಬಿಚ್ಚಿ ಬೆಂಕಿಯ ಮೇಲೆ ಬಡಿದರು. ಹುಡುಗಿಯೂ ತಾಯಿಯೂ ಟೀಚರ ಜೊತೆ ಹೋಗಲಿ ಎಂದು ಅಲ್ಲೇ, ಹೊಗೆಯ ನಡುವೆಯೇ ಹೇಳಿಬಿಟ್ಟರು. ಅಪ್ಪ ಒಂದು ಹೆಜ್ಜೆ ಮುಂದಿಟ್ಟ. ಮೊನ್ನೆ ನಕ್ಕಿದ್ದ ಗಂಡಸರೇ ಅಡ್ಡ ನಿಂತು ಅವನ ಕತ್ತಿ ಕಿತ್ತುಕೊಂಡರು. ಅವನು ಬದುಕಿದ್ದಷ್ಟು ದಿನ ಶಾಲೆಯ ದಿಬ್ಬ ಹತ್ತಲಿಲ್ಲ.

ಹತ್ತನೆಯ ತರಗತಿ ಮುಗಿಯುವ ತನಕ ನಾವು ಆ ಎರಡು ಕೋಣೆಗಳಲ್ಲಿದ್ದೆವು. ಅವರು ಅಲ್ಲಿಂದಾಚೆ ಹೊಡೆಯುವುದನ್ನು ಬಿಟ್ಟರು ಎಂದು ಬರೆಯಲು ನನಗೂ ಆಸೆ. ಸೋಮವಾರವೇ ಹೊಸ ಕೋಲು ಬಂದಿತ್ತು. ನನ್ನ ಕಿರುಬೆರಳು ಹೋದದ್ದು ಅದಾದ ಮೇಲೆ, ಒಂದು ಭೂಪಟದ ವಿಷಯಕ್ಕೆ. ಆ ದಿನ ರಾಗಿಹಿಟ್ಟು ಬೇಯಿಸಿ ಬೆರಳಿಗೆ ಕಟ್ಟಿದವರೂ ಅವರೇ. ಮನೆಯಲ್ಲಿ ಮಾತ್ರ ಒಮ್ಮೆಯೂ ಕೈ ಎತ್ತಲಿಲ್ಲ. ಶಾಲೆಯ ಗೇಟಿನ ಒಳಗೆ ಅವರು ಬೇರೆ.

ಹೊಲಿಗೆ ಮಾಯ್ದಾಗ ಎಡ ಹುಬ್ಬನ್ನು ಗಾಯ ಮೇಲಕ್ಕೆ ಎಳೆದುಕೊಂಡು ಬಿಟ್ಟಿತ್ತು. ಬಲ ಹುಬ್ಬು ಇದ್ದಲ್ಲೇ ಇತ್ತು. ಹೊಸದಾಗಿ ಬಂದ ಮಕ್ಕಳು ಅವರ ಯಾವ ಪಕ್ಕ ಕಾಣುತ್ತದೆ ಎಂದು ನೋಡಿಕೊಂಡು ಬಾಗಿಲು ದಾಟುತ್ತಿದ್ದರು. ಅವರಿಗೂ ಅದು ಗೊತ್ತಿತ್ತು. ಕನ್ನಡಿ ನೋಡಿಕೊಂಡು, ಪುಸ್ತಕದಲ್ಲಿ ಇರುವುದಕ್ಕಿಂತ ಇದೇ ಚೆನ್ನಾಗಿ ಬಂದಿದೆ ಎಂದು ಒಮ್ಮೆ ಅವ್ವೆಗೆ ಹೇಳಿದರು. ಅವ್ವೆ ಎರಡು ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನಕ್ಕಳು.

ನನ್ನ ಮಗಳು ಹುಟ್ಟಿದ ವರ್ಷ ಅವರನ್ನು ನೋಡಲು ಗೂಡಲೂರಿಗೆ ಹೋಗಿದ್ದೆ. ನಿವೃತ್ತರಾಗಿ ತಮ್ಮನ ಮನೆಯಲ್ಲಿದ್ದರು. ಮಂಚದ ಮೇಲಿನ ಗೋಡೆಗೆ ನನ್ನ ಅಪ್ಪನ ಮುಖ ತೂಗುಹಾಕಿದ್ದರು, ಎರಡೂ ಹುಬ್ಬು ಏರಿಸಿಕೊಂಡು. ನಾನು ಕೇಳಬೇಕೆಂದಿದ್ದನ್ನು ಕೇಳಿಬಿಟ್ಟೆ. ನನ್ನನ್ನು ಉಳಿಸಿದವರು ನೀವು, ನಮ್ಮನ್ನು ಅಷ್ಟು ಹೊಡೆದವರೂ ನೀವು, ಯಾಕೆ ಎಂದು. ಚಿಕ್ಕಂದಿನಲ್ಲಿ ತಮಗೆ ಎಲ್ಲವನ್ನೂ ಕಲಿಸಿದ್ದು ಹೊಡೆದೇ ಎಂದರು. ಆಮೇಲೆ ಮುಖವನ್ನು ನನ್ನ ಕಡೆ ಪೂರ್ತಿ ತಿರುಗಿಸಿದರು, ಎರಡೂ ಹುಬ್ಬು ಕಾಣುವಂತೆ.

“ಹೊಡೆಯೋದು ಬಿಡೋಕೆ ನನ್ನ ಕೈಲಾಗಲ್ಲ ಅಂತ ಗೊತ್ತಿತ್ತು. ಅದಕ್ಕೇ ಎಲ್ಲಿ ಕೂತ್ಕೋಬೇಕು ಅಂತ ಹೇಳಿಕೊಟ್ಟೆ.”

ಸುದ್ದಿ ಬಂದ ದಿನದ ಸಂಗತಿ ಇನ್ನೊಂದಿದೆ. ಅದನ್ನು ಹೇಳಿ ಮುಗಿಸುತ್ತೇನೆ. ಮಗಳಿಗೆ ಈಗ ಹತ್ತು ವರ್ಷ. ಮದುವೆಮನೆಯವರು ಹೊಲಿಯಲು ಕೊಟ್ಟಿದ್ದ ರೇಷ್ಮೆ ರವಿಕೆಯ ಬಟ್ಟೆಯನ್ನು ಗೊಂಬೆಗೆಂದು ಕತ್ತರಿಸಿಹಾಕಿದ್ದಳು. ಕತ್ತರಿಸಿದ ತುಂಡುಗಳನ್ನು ಕೈಯಲ್ಲಿ ಹಿಡಿದಿದ್ದಾಗಲೇ ಫೋನು ಬಂತು, ಟೀಚರ್ ಬೆಳಿಗ್ಗೆ ಹೋದರು ಎಂದು. ಫೋನು ಇಟ್ಟವಳು ಅಳಲಿಲ್ಲ. ಮರದ ಸ್ಕೇಲು ಎತ್ತಿಕೊಂಡೆ. ನನ್ನೊಳಗೆ ಅಪ್ಪ ಎದ್ದು ನಿಂತದ್ದು ನನಗೆ ಚೆನ್ನಾಗಿ ತಿಳಿಯಿತು. ಎರಡೂ ಹುಬ್ಬು ಏರಿದ್ದವು, ಹಣೆಯ ಚರ್ಮ ಬಿಗಿದಿತ್ತು. ಮಗಳು ನನ್ನ ಮುಖ ನೋಡಿದವಳೇ ಹಿತ್ತಿಲಿಗೆ ಓಡಿ ಬಟ್ಟೆ ಒಗೆಯುವ ಕಲ್ಲು ಹತ್ತಿ ಕಾಲು ಮಡಚಿ ಕೂತಳು. ಈ ಕಥೆಯನ್ನು ಅವಳಿಗೆ ಹೇಳಿದವಳು ನಾನೇ. ನಗಿಸಲೆಂದು ಹೇಳಿದ್ದೆ.

ಇಳಿ ಎಂದೆ. ಇಳಿಯುವುದಿಲ್ಲ ಎಂದಳು. ಸ್ಕೇಲು ಹಿಡಿದು ಕಲ್ಲಿನ ಸುತ್ತ ಒಂದು ಸುತ್ತು ಬಂದೆ. ಅವಳು ಕೂತಲ್ಲೇ ನನ್ನ ಜೊತೆ ತಿರುಗಿದಳು.

“ಅಮ್ಮಾ, ಬೆಂಕಿ ಹಾಕ್ತೀಯಾ?”

ತಮಾಷೆಗೆ ಕೇಳಿರಲಿಲ್ಲ. ಹಾಕಬಹುದು ಎಂದು ನಿಜವಾಗಿ ಹೆದರಿ ಕೇಳಿದ್ದಳು. ನಾನು ಸ್ಕೇಲನ್ನು ಕಲ್ಲಿನ ಬುಡದಲ್ಲಿ ಇಟ್ಟೆ. ಆಗ ಅಳು ಬಂತು, ಟೀಚರಿಗಾಗಿಯೋ ನನಗಾಗಿಯೋ ಗೊತ್ತಿಲ್ಲ. ಸ್ವಲ್ಪ ಆಚೆ ಸರಿ ಎಂದೆ. ಅವಳು ಅನುಮಾನದಿಂದಲೇ ಸರಿದಳು. ಚಪ್ಪಲಿ ಕೆಳಗೆ ಬಿಟ್ಟು ನಾನೂ ಹತ್ತಿ ಅವಳ ಪಕ್ಕ ಕೂತೆ.